ಬೇಗ ಹಿಡಿದ ಬಣ್ಣ

2024ರ ಎಪ್ರಿಲ್ 26ರಂದು ಕೇರಳದಲ್ಲಿ ಲೋಕಸಭೆಗೆ ಮತದಾನ ನಡೆಯಿತು. ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಮತ ಹಾಕಿ ಹೊರಬಂದವರ ಎಡಗೈ ತೋರುಬೆರಳಿನಲ್ಲಿ ಉಗುರಿನ ತುದಿಯಿಂದ ಮೊದಲ ಗಂಟಿನವರೆಗೆ ಒಂದು ಗೆರೆ. ಆ ಶಾಯಿ ಮೈಸೂರಿನದು. 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಹುಟ್ಟಿದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ 1962ರ ಮಹಾಚುನಾವಣೆಯಿಂದಲೂ ಅದನ್ನು ಒದಗಿಸುತ್ತ ಬಂದಿದೆ. ಶಾಯಿಯ ಜೀವಾಳ ಸಿಲ್ವರ್ ನೈಟ್ರೇಟ್. ಬೆರಳಿನ ಬೆವರಿನಲ್ಲಿರುವ ಉಪ್ಪಿನೊಡನೆ ಸೇರಿ ಅದು ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬೆಳಕು ಬಿದ್ದ ಹಾಗೆ ಬೆಳ್ಳಿಯ ಕಪ್ಪು ಕಣಗಳಾಗಿ ಕೂತುಬಿಡುತ್ತದೆ. ಸಾಬೂನಿಗೂ ಸೀಗೆಗೂ ಬಗ್ಗುವುದಿಲ್ಲ.

ಆ ಗೆರೆಯನ್ನು ಸುಮ್ಮನೆ ಗಮನಿಸುತ್ತ ಹೋದವರು ತಮಗೆ ತಿಳಿಯದೆಯೇ ಒಂದು ಒಳ್ಳೆಯ ಪ್ರಯೋಗ ಮಾಡಿದರು. ಚರ್ಮದ ಮೇಲಿನ ಭಾಗ ಮೇ ನಡುವಿನ ಹೊತ್ತಿಗೆ ಮಾಸಿತು, ಏಕೆಂದರೆ ಚರ್ಮದ ಹೊರಪದರ ದಿನವೂ ಉದುರುತ್ತಲೇ ಇರುತ್ತದೆ. ಉಗುರಿನ ಮೇಲಿನದು ಮಾಸಲಿಲ್ಲ, ಮುಂದೆ ಸರಿಯಿತು. ಮೇ ಕೊನೆಗೆ ಉಗುರಿನ ಬುಡದಲ್ಲಿ ಸುಮಾರು 3 ಮಿಲಿಮೀಟರ್ ಖಾಲಿ ಜಾಗ, ಜೂನ್ ಕೊನೆಗೆ ಅದರ ಎರಡರಷ್ಟು. ಓಣಂ ಬರುವಾಗ ಹೆಚ್ಚಿನವರಿಗೆ ತುದಿಯಲ್ಲೊಂದು ಚೂರು ಮಾತ್ರ ಉಳಿದಿತ್ತು, ಅದೂ ಉಗುರುಕತ್ತರಿಗೆ ಹೋಯಿತು. ಕೈಯುಗುರು ತಿಂಗಳಿಗೆ ಬೆಳೆಯುವುದು ಆ ಮೂರು ಮಿಲಿಮೀಟರ್ ಅಷ್ಟೇ. ಪೂರ್ತಿ ಹೊಸ ಉಗುರು ಬರಬೇಕಾದರೆ ಆರು ತಿಂಗಳು, ಕಾಲ್ಬೆರಳಿಗೆ ವರ್ಷಕ್ಕೂ ಹೆಚ್ಚು. ಜೀವ ಇರುವುದು ಬುಡದಲ್ಲಿ, ಚರ್ಮದಡಿ ಅಡಗಿದ ಬೇರಿನಲ್ಲಿ. ನಾವು ನೋಡುವ, ಬಣ್ಣ ಹಚ್ಚುವ ಭಾಗ ಅರ್ಧ ಮಿಲಿಮೀಟರ್ ದಪ್ಪದ ಸತ್ತ ಕೆರಾಟಿನ್. ಕೆಟ್ಟರೆ ಅದು ವಾಸಿಯಾಗುವುದಿಲ್ಲ, ಬೆಳೆದು ಹೊರಗೆ ಹೋಗಬೇಕು.

ಮನೆಯಲ್ಲೇ ಕೂತು ಉಗುರಿಗೆ, ಮುಖಕ್ಕೆ ಹೊಸದೊಂದನ್ನು ಹಚ್ಚಿ ನೋಡುವ ಹುಕಿ ಈಗ ಎಲ್ಲ ಮನೆಗಳಲ್ಲೂ ಇದೆ. ಉಪ್ಪಳದ ಫ್ಯಾನ್ಸಿ ಅಂಗಡಿಯಲ್ಲಿ ಸಿಗದ್ದು ಆನ್‌ಲೈನ್‌ನಲ್ಲಿ ಬರುತ್ತದೆ, ಅಲ್ಲೂ ಸಿಗದ್ದು ಗಲ್ಫಿನಿಂದ ಬರುವ ಅಣ್ಣನ ಪೆಟ್ಟಿಗೆಯಲ್ಲಿ. ಹಚ್ಚಿದವರು ತೀರ್ಪು ಕೊಡುವುದು ಒಂದು ರಾತ್ರಿಯಲ್ಲಿ: ಉರಿಯಲಿಲ್ಲ, ಕೆಂಪಾಗಲಿಲ್ಲ, ಹೊಳಪು ಬಂತು, ಹಾಗಾದರೆ ಒಳ್ಳೆಯದೇ. ದೇಹ ಲೆಕ್ಕ ಹಾಕುವುದು ಬೇರೆ ಗಡಿಯಾರಗಳಲ್ಲಿ. ಚರ್ಮದ ಮೇಲ್ಪದರ ಬದಲಾಗಲು ಸುಮಾರು ನಾಲ್ಕು ವಾರ, ಅಲರ್ಜಿ ಹುಟ್ಟಲು ಎರಡು ವಾರ, ಮೂತ್ರಪಿಂಡ ದೂರು ಹೇಳಲು ಕೆಲವೊಮ್ಮೆ ತಿಂಗಳುಗಟ್ಟಲೆ. ಈ ಅಧ್ಯಾಯದಲ್ಲಿ ಬರುವ ಎಲ್ಲ ತೊಂದರೆಗಳೂ ಈ ಗಡಿಯಾರಗಳ ನಡುವಿನ ಅಂತರದಲ್ಲೇ ಹುಟ್ಟಿದವು.

ಈ ಕಡೆ ಉಗುರಿಗೆ ಬಣ್ಣವೆಂದರೆ ಮೊದಲಿನಿಂದಲೂ ಮದರಂಗಿ. ಮಾಪ್ಪಿಳ ಮತ್ತು ಬ್ಯಾರಿ ಮನೆಗಳಲ್ಲಿ ಮದುವೆಯ ಮುನ್ನಾ ರಾತ್ರಿ ಮೈಲಾಂಜಿ, ಒಪ್ಪನದ ಹಾಡುಕುಣಿತ. ತುಳು, ಕನ್ನಡ ಮನೆಗಳಲ್ಲಿ ಮದರಂಗಿ ಶಾಸ್ತ್ರ. ಮಳೆಗಾಲದಲ್ಲಿ ಗದ್ದೆಯ ಕೆಸರಿಗೆ ಇಳಿಯುವವರು ಕಾಲ್ಬೆರಳ ಸಂದಿಗೂ ಹಚ್ಚುತ್ತಿದ್ದರು. ಅದು ಬರೀ ಚಂದಕ್ಕಲ್ಲ, ಮದರಂಗಿಯ ಸತ್ವ ಶಿಲೀಂಧ್ರಗಳನ್ನು ತಡೆಯುತ್ತದೆಂದು ಪ್ರಯೋಗಾಲಯಗಳಲ್ಲೂ ಕಂಡಿದೆ.

ಅರೆಯುವ ಕಲ್ಲಿನಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಸಿ ಸೊಪ್ಪನ್ನು ಕೈಯಲ್ಲಿ ಉಜ್ಜಿದರೆ ಬಣ್ಣ ಅಷ್ಟಾಗಿ ಬರುವುದಿಲ್ಲ. ಬಣ್ಣದ ಅಣು ಎಲೆಯೊಳಗೆ ಸಕ್ಕರೆಗೆ ಕಟ್ಟಿಕೊಂಡು ಕೂತಿರುತ್ತದೆ. ನುಣ್ಣಗೆ ಅರೆದಾಗ ಕೋಶಗಳು ಒಡೆಯುತ್ತವೆ, ಸಕ್ಕರೆ ಕಳಚುತ್ತದೆ, ಗಾಳಿಯ ಆಮ್ಲಜನಕ ತಾಗಿ ಲಾಸೋನ್ ಎಂಬ ಕಿತ್ತಳೆ ಬಣ್ಣದ ವಸ್ತು ಬಿಡುಗಡೆಯಾಗುತ್ತದೆ. ಅದಕ್ಕೇ ಅರೆದ ಮದರಂಗಿಯನ್ನು ಕೆಲವು ಗಂಟೆ ಇಡುವುದು. ನಿಂಬೆಹುಳಿ ಹಿಂಡಿದರೆ ಆ ಹುಳಿ ಬಿಡುಗಡೆಯನ್ನು ಹದದಲ್ಲಿಡುತ್ತದೆ, ಲಾಸೋನ್ ಕೆಟ್ಟುಹೋಗದಂತೆಯೂ ಕಾಯುತ್ತದೆ. ಲಾಸೋನ್ ತೀರ ಸಣ್ಣ ಅಣು, ಅಣುತೂಕ 174. ಒದ್ದೆಯಾದ ಕೆರಾಟಿನ್‌ನೊಳಗೆ ಅದು ಸಲೀಸಾಗಿ ನುಸುಳುತ್ತದೆ, ಅಲ್ಲಿಯ ಗಂಧಕ ಮತ್ತು ಅಮೈನೋ ಗುಂಪುಗಳನ್ನು ಹಿಡಿದು ರಾಸಾಯನಿಕವಾಗಿಯೇ ಅಂಟಿಕೊಳ್ಳುತ್ತದೆ. ಮೇಲೆ ಬಳಿದ ಬಣ್ಣವಲ್ಲ ಅದು, ಉಗುರಿನದೇ ಆದ ಬಣ್ಣ. ತೊಳೆದ ಕೂಡಲೇ ಕಿತ್ತಳೆಯಾಗಿ ಕಂಡದ್ದು ಒಂದೆರಡು ದಿನದಲ್ಲಿ ಗಾಳಿ ತಾಗಿ ಕೆಂಪಗೆ, ಕಂದಾಗಿ ಕಡುವಾಗುತ್ತದೆ. ಅಂಗೈಯಲ್ಲಿ ಚೆನ್ನಾಗಿ ಹಿಡಿಯುತ್ತದೆ, ಹೊರಗೈಯಲ್ಲಿ ಪೇಲವ. ಹೊರಪದರ ಎಲ್ಲಿ ದಪ್ಪವೋ ಅಲ್ಲಿ ಕೆರಾಟಿನ್ ಹೆಚ್ಚು, ಬಣ್ಣ ಏರಿದಷ್ಟು ಅತ್ತೆಯ ಪ್ರೀತಿ ಎಂಬ ಮಾತಿಗೆ ಇದರಲ್ಲಿ ಪಾತ್ರವೇನೂ ಇಲ್ಲ.

ಗಿಡದ್ದೆಂಬ ಕಾರಣಕ್ಕೆ ಮದರಂಗಿಗೂ ಪೂರ್ತಿ ವಿನಾಯಿತಿ ಕೊಡಲಾಗದು. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಎಳೆಮಕ್ಕಳ ಮೈಗೆ ಹಚ್ಚಿದಾಗ ಲಾಸೋನ್ ಕೆಂಪು ರಕ್ತಕಣಗಳನ್ನು ಒಡೆದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಬಾಣಂತಿಕೋಣೆಯ ಮಗುವಿನ ಅಂಗಾಲಿಗೆ ಮದರಂಗಿ ಬೇಡ.

ಮದರಂಗಿಗೆ ಒಂದು ರಾತ್ರಿ ಬೇಕು, ಮದುವೆಮನೆಗೆ ಪುರುಸೊತ್ತಿಲ್ಲ. ಆದ್ದರಿಂದ ಅರ್ಧ ಗಂಟೆಯಲ್ಲಿ ಕಪ್ಪಾಗುವ ಕೋನ್ ಬಂತು. ಮದರಂಗಿ ತಾನಾಗಿ ಎಂದೂ ಇದ್ದಿಲಿನಂತೆ ಕಪ್ಪಾಗುವುದಿಲ್ಲ. ಅಂಥ ಕಪ್ಪಿಗೆ ಕಾರಣ ಹೆಚ್ಚಾಗಿ ಪಿಪಿಡಿ, ಅಂದರೆ ಪ್ಯಾರಾ ಫಿನೈಲೀನ್ ಡೈಅಮೀನ್, ಕೂದಲಿಗೆ ಹಾಕುವ ಕಪ್ಪುಬಣ್ಣದ ಮೂಲವಸ್ತು. ಯುರೋಪಿನಲ್ಲಿ ಕೂದಲಿಗೆ ಹಚ್ಚುವಾಗ ಅದು ಶೇ. 2ನ್ನು ಮೀರಬಾರದು, ಚರ್ಮದ ಮೇಲೆ ಚಿತ್ತಾರ ಬರೆಯಲು ಬಳಸುವಂತೆಯೇ ಇಲ್ಲ. ಕಪ್ಪು ಕೋನ್‌ಗೆ ಮೈ ಒಗ್ಗದವರ ಕೈಯಲ್ಲಿ ಬರುವ ನೀರುಗುಳ್ಳೆಗಳು ಬಳ್ಳಿ, ಹೂವು, ಎಲೆಯ ಗೆರೆಯನ್ನು ಕಿಂಚಿತ್ತೂ ತಪ್ಪದೆ ಅನುಸರಿಸುತ್ತವೆ. ಗುಳ್ಳೆ ಒಣಗಿದ ಮೇಲೂ ಅಲ್ಲಿಗೆ ಮುಗಿಯುವುದಿಲ್ಲ. ಹದಿನೆಂಟರ ಹರೆಯದಲ್ಲಿ ಕೋನ್ ಹಾಕಿಸಿಕೊಂಡ ಹುಡುಗಿ ನಲವತ್ತೈದರಲ್ಲಿ ಮೊದಲ ಬಾರಿ ತಲೆಗೆ ಬಣ್ಣ ಹಚ್ಚಿದಾಗ ಮುಖ, ಕಣ್ಣು ಊದಿ ಆಸ್ಪತ್ರೆ ಸೇರಬಹುದು. ಮೈ ಮರೆತಿರುವುದಿಲ್ಲ.

ಈ ನೆನಪಿನ ಬಗೆಯನ್ನು ಕಾಸರಗೋಡಿನವರಿಗೆ ವಿವರಿಸುವುದು ಸುಲಭ, ಗೇರುಬೀಜ ಗೊತ್ತಿದ್ದವರಿಗೆ ಅರ್ಧ ಪಾಠ ಆಗಿಯೇ ಇದೆ. ಹಸಿ ಗೇರುಬೀಜ ಸುಲಿಯುವವರ ಬೆರಳ ತುದಿ ಸುಟ್ಟು ಕಪ್ಪಾಗುವುದು ಸಿಪ್ಪೆಯ ಎಣ್ಣೆಯಿಂದ. ಅದರಲ್ಲಿರುವ ಅನಕಾರ್ಡಿಕ್ ಆಮ್ಲ, ಕಾರ್ಡಾಲ್ ಚರ್ಮವನ್ನು ನೇರವಾಗಿ ಸುಡುತ್ತವೆ. ಆದರೆ ಕೆಲವರಿಗೆ ಇನ್ನೊಂದು ಬಗೆಯ ತೊಂದರೆ. ಎಷ್ಟೋ ಸಲ ಮುಟ್ಟಿದರೂ ಏನೂ ಆಗದೆ, ಒಂದು ವರ್ಷ ಇದ್ದಕ್ಕಿದ್ದಂತೆ ಸ್ವಲ್ಪ ಸೊನೆ ತಾಗಿದ್ದಕ್ಕೇ ಮೈಯೆಲ್ಲ ತುರಿಕೆ, ಬೊಕ್ಕೆ. ಮಾವಿನ ಸೊನೆ, ಚೇರೆಮರದ ಸೊನೆ ಇದೇ ಕುಟುಂಬದವು. ಇಲ್ಲಿ ಸುಟ್ಟದ್ದು ಸೊನೆಯಲ್ಲ, ರೋಗನಿರೋಧಕ ವ್ಯವಸ್ಥೆ. ಸಣ್ಣ ಅಣುವೊಂದು ಚರ್ಮದೊಳಗೆ ಇಳಿದು ನಮ್ಮದೇ ಪ್ರೋಟೀನಿಗೆ ಅಂಟಿಕೊಂಡಾಗ, ಚರ್ಮದಲ್ಲಿ ಕಾವಲಿರುವ ಲ್ಯಾಂಗರ್‌ಹಾನ್ಸ್ ಕೋಶಗಳು ಅದನ್ನು ಪರಕೀಯವೆಂದು ಹತ್ತಿರದ ದುಗ್ಧಗ್ರಂಥಿಗೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿ ಆ ಅಣುವನ್ನೇ ಗುರುತಿಸಬಲ್ಲ ಟಿ ಕೋಶಗಳ ಪಡೆ ತಯಾರಾಗಲು ಸುಮಾರು ಹತ್ತರಿಂದ ಹದಿನೈದು ದಿನ. ಆಮೇಲೆ ಎಂದು ತಾಗಿದರೂ ಒಂದರಿಂದ ಮೂರು ದಿನದೊಳಗೆ ದಾಳಿ. ಅಂದರೆ ಮೊದಲ ಸಲ ಏನೂ ಆಗಲಿಲ್ಲ ಎಂಬುದು ಸಾಕ್ಷ್ಯವೇ ಅಲ್ಲ. ಮೊದಲ ಸಲ ಏನೂ ಆಗುವುದೇ ಇಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಉಗುರುಬಣ್ಣದ ಶೀಶೆಗೆ ಬರೋಣ. ಅದನ್ನು ಇಲ್ಲಿಯ ಹಳಬರು ಈಗಲೂ ಕ್ಯೂಟೆಕ್ಸ್ ಎನ್ನುತ್ತಾರೆ, ಕಂಪನಿ ಯಾವುದಾದರೂ ಸರಿ. ಸಾಮಾನ್ಯ ನೈಲ್ ಪಾಲಿಶ್ ಎಂದರೆ ನೈಟ್ರೋಸೆಲ್ಯುಲೋಸ್. ಹತ್ತಿಯನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿ ಮಾಡಿದ್ದು, ಸಿಡಿಮದ್ದಿನ ಹತ್ತಿರದ ಸಂಬಂಧಿ, ಹಿಂದೆ ಮೋಟಾರುಕಾರುಗಳ ಬಣ್ಣಕ್ಕೂ ಇದೇ ಬುನಾದಿ. ಈಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್‌ನಂಥ ದ್ರಾವಕಗಳಲ್ಲಿ ಅದು ಕರಗಿರುತ್ತದೆ, ದ್ರಾವಕ ಆರಿದಾಗ ಪೊರೆ ಉಳಿಯುತ್ತದೆ. ಆರುವುದಷ್ಟೇ ಇಲ್ಲಿಯ ಕೆಲಸ, ಹೊಸ ರಾಸಾಯನಿಕ ಬಂಧವೇನೂ ಹುಟ್ಟುವುದಿಲ್ಲ. ಆಟಿ ತಿಂಗಳಲ್ಲಿ ಪಾಲಿಶ್ ಹಚ್ಚಿದರೆ ಮಬ್ಬಾಗುತ್ತದಲ್ಲ, ಅದಕ್ಕೆ ಕಾರಣವೂ ಇದೇ. ದ್ರಾವಕ ಬೇಗ ಆವಿಯಾಗುವಾಗ ಉಗುರಿನ ಮೇಲ್ಮೈ ತಣ್ಣಗಾಗುತ್ತದೆ. ಕರಾವಳಿಯ ಮಳೆಗಾಲದ ತೇವಭರಿತ ಗಾಳಿಯ ನೀರು ಅಲ್ಲಿ ಸಣ್ಣ ಹನಿಗಳಾಗಿ ಇಳಿಯುತ್ತದೆ. ಆ ನೀರಿಗೆ ನೈಟ್ರೋಸೆಲ್ಯುಲೋಸ್ ಕರಗದೆ ಬಿಳಿಚಿಕೊಳ್ಳುತ್ತದೆ. ಬಾಟಲಿಯದು ತಪ್ಪಲ್ಲ, ಫ್ಯಾನಿನಡಿ ಕೂತು ಒಣಗಿಸುವ ಅವಸರ ಅದನ್ನು ಇನ್ನಷ್ಟು ಕೆಡಿಸುತ್ತದೆ. ತೆಳ್ಳಗೆ ಬಳಿದು, ಫ್ಯಾನ್ ಆರಿಸಿ ಕಾಯಬೇಕು.

ಪಾಲಿಶ್‌ನಲ್ಲಿ ಬೆರೆಸುವ ಟೊಸಿಲಮೈಡ್ ಫಾರ್ಮಾಲ್ಡಿಹೈಡ್ ರಾಳಕ್ಕೆ ಅಲರ್ಜಿ ಇದ್ದವರಲ್ಲಿ ತುರಿಕೆ ಶುರುವಾಗುವುದು ಉಗುರಿನಲ್ಲಲ್ಲ, ಕಣ್ಣಿನ ರೆಪ್ಪೆಯಲ್ಲಿ, ಕುತ್ತಿಗೆಯಲ್ಲಿ. ನಾವು ದಿನವಿಡೀ ಮುಖ ಮುಟ್ಟಿಕೊಳ್ಳುತ್ತೇವೆ, ಮೈಯಲ್ಲೇ ಅತಿ ತೆಳುವಾದ ಚರ್ಮ ರೆಪ್ಪೆಯದು. ಕಾಡಿಗೆ, ಕ್ರೀಮು, ಸೋಪು ಎಲ್ಲವನ್ನೂ ಬದಲಿಸಿ ಸೋತವರು ಒಮ್ಮೆ ಬೆರಳ ತುದಿಯನ್ನೂ ನೋಡಿಕೊಳ್ಳಬೇಕು.

ಜೆಲ್ ಪಾಲಿಶ್ ಬೇರೆ ಜಾತಿ. ಮನೆಗೆ ತರಿಸುವ ಕಿಟ್‌ನಲ್ಲಿ ಶೀಶೆಯ ಜತೆ ಪುಟ್ಟದೊಂದು ನೇರಳೆ ದೀಪ ಬರುತ್ತದೆ. ಶೀಶೆಯಲ್ಲಿರುವುದು ಅಕ್ರಿಲೇಟ್ ಮತ್ತು ಮೆಥಾಕ್ರಿಲೇಟ್ ಎಂಬ ಬಿಡಿ ಅಣುಗಳು. ಸುಮಾರು 365ರಿಂದ 405 ನ್ಯಾನೋಮೀಟರಿನ ಬೆಳಕು ಬಿದ್ದಾಗ ಅದರಲ್ಲಿರುವ ಚಾಲಕವಸ್ತು ಒಡೆದು, ಬಿಡಿ ಅಣುಗಳು ಮಲ್ಲಿಗೆ ಮಾಲೆ ಕಟ್ಟಿದಂತೆ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಹೆಣೆದದ್ದು ಗಟ್ಟಿ, ಹೊಳಪು, ಎರಡು ಮೂರು ವಾರಕ್ಕೂ ಜಗ್ಗದು. ಚರ್ಮದೊಳಕ್ಕೆ ಇಳಿಯಲಾಗದಷ್ಟು ದೊಡ್ಡದೂ ಹೌದು. ತೊಂದರೆ ಹೆಣೆಯದೆ ಉಳಿದದ್ದರಿಂದ. ಒಂದು ಕಂಪನಿಯ ಜೆಲ್‌ಗೆ ಇನ್ನೊಂದು ಕಂಪನಿಯ ದೀಪ ಹಿಡಿದರೆ ಮೇಲ್ಭಾಗ ಗಟ್ಟಿಯಾಗಿ ಒಳಗೆ ಹಸಿಯಾಗಿರಬಹುದು. ದಪ್ಪ ಬಳಿದರೂ ಅಷ್ಟೇ. ಎಲ್ಲ ಸರಿ ಮಾಡಿದರೂ ಮೇಲ್ಮೈ ತುಸು ಅಂಟಂಟು ಉಳಿಯುತ್ತದೆ, ಏಕೆಂದರೆ ಗಾಳಿಯ ಆಮ್ಲಜನಕ ಅಲ್ಲಿಯ ಹೆಣಿಗೆಯನ್ನು ತಡೆಯುತ್ತದೆ. ಸ್ಪಿರಿಟ್ ಅದ್ದಿದ ಹತ್ತಿಯಿಂದ ಆ ಅಂಟನ್ನು ಒರೆಸುವಾಗ ಬಿಡಿ ಅಣುಗಳು ಬೆರಳ ಚರ್ಮಕ್ಕೆ ಹರಡುತ್ತವೆ. ಉಗುರಿನ ಅಂಚು ದಾಟಿ ಬಳಿದು, ಕಡ್ಡಿಯಿಂದ ಗೀರಿ ಸರಿಮಾಡುವವರಿಗೆ ಇನ್ನೂ ಹೆಚ್ಚು ತಾಗುತ್ತದೆ, ಮನೆಯಲ್ಲಿ ಕಲಿಯುವವರೆಲ್ಲ ಮಾಡುವುದು ಅದನ್ನೇ.

ಇವುಗಳಲ್ಲಿ ಹೆಸರು ಕೆಡಿಸಿಕೊಂಡದ್ದು ಹೀಮಾ ಎಂಬ ಮೆಥಾಕ್ರಿಲೇಟ್. ಐರೋಪ್ಯ ಒಕ್ಕೂಟ 2020ರ ನಿಯಮದಲ್ಲಿ ಅದನ್ನು ವೃತ್ತಿಯವರ ಬಳಕೆಗೆ ಮಾತ್ರವೆಂದು ನಿರ್ಬಂಧಿಸಿತು. ಟಿಪಿಓ ಎಂಬ ಚಾಲಕವಸ್ತುವನ್ನು 2025ರ ಸೆಪ್ಟೆಂಬರ್ 1ರಿಂದ ಪ್ರಸಾಧನಗಳಲ್ಲಿ ಪೂರ್ತಿ ನಿಷೇಧಿಸಿತು. ಅದಕ್ಕೆ ಕಾರಣ ಅಲರ್ಜಿಯಲ್ಲ, ಪ್ರಾಣಿಗಳ ಸಂತಾನಶಕ್ತಿಯ ಮೇಲೆ ಕಂಡ ಪರಿಣಾಮ. 2018ರಲ್ಲಿ ಬ್ರಿಟನ್ನಿನ ಚರ್ಮವೈದ್ಯರ ಸಂಘ ಪ್ರಕಟಿಸಿದ ಅಧ್ಯಯನದಲ್ಲಿ ಅಲರ್ಜಿ ಪತ್ತೆಹಚ್ಚುವ ಪ್ಯಾಚ್ ಟೆಸ್ಟ್‌ಗೆ ಬಂದವರ ಪೈಕಿ ಶೇ. 2.4ರಷ್ಟು ಮಂದಿಗೆ ಮೆಥಾಕ್ರಿಲೇಟ್ ಅಲರ್ಜಿ ಇತ್ತು. ಸಂಖ್ಯೆ ಸಣ್ಣದೆನ್ನಿಸಬಹುದು. ಆದರೆ ಇದೇ ಕುಟುಂಬದ ಅಣುಗಳು ಹಲ್ಲಿನ ಫಿಲ್ಲಿಂಗ್‌ನಲ್ಲಿವೆ, ಕೀಲು ಬದಲಿಸುವಾಗ ಬಳಸುವ ಮೂಳೆಸಿಮೆಂಟಿನಲ್ಲಿವೆ, ಸಕ್ಕರೆ ಕಾಯಿಲೆಯವರು ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರಿನ ಅಂಟಿನಲ್ಲಿವೆ. ಉಗುರಿನ ಚಂದ ಮೂರು ವಾರದ್ದು, ಈ ಅಲರ್ಜಿ ಜೀವಮಾನದ್ದು. ದೀಪದ ಬೆಳಕಿನ ಬಗ್ಗೆ ಹೆದರುವವರೇ ಹೆಚ್ಚು, ನನ್ನನ್ನು ಕೇಳಿದರೆ ಮೊದಲು ಹೆದರಬೇಕಾದ್ದು ಅಂಟಿಗೆ.

ಮುಖಕ್ಕೆ ಹಚ್ಚುವ ಕ್ರೀಮಿನ ಕತೆಗೆ ಕೇರಳದಲ್ಲೇ ನಡೆದ ಉದಾಹರಣೆ ಇದೆ. ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್ ನಮಗೆ ಆರ್ಯವೈದ್ಯಶಾಲೆಯ ಊರೆಂದು ಪರಿಚಯ. ಅಲ್ಲಿನ ಆಸ್ಟರ್ ಮಿಮ್ಸ್ ಆಸ್ಪತ್ರೆಯ ಮೂತ್ರಪಿಂಡ ತಜ್ಞರಾದ ಡಾ. ಸಜೀಶ್ ಶಿವದಾಸ್, ಡಾ. ರಂಜಿತ್ ನಾರಾಯಣನ್ ಅವರ ಬಳಿ 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೆಂಬ್ರೇನಸ್ ನೆಫ್ರೋಪತಿಯ 22 ರೋಗಿಗಳು ಬಂದರು. ಮೂತ್ರಪಿಂಡದ ಸೋಸುಪೊರೆ ಹಾಳಾಗಿ ರಕ್ತದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುವ ಕಾಯಿಲೆ ಇದು; ಕಾಲು, ಮುಖ ಊದುತ್ತವೆ, ಮೂತ್ರದಲ್ಲಿ ನೊರೆ. ಇವರಲ್ಲಿ 15 ಮಂದಿಯಲ್ಲಿ ಎನ್‌ಇಎಲ್‌ಎಲ್-1 ಎಂಬ ಪ್ರೋಟೀನಿಗೆ ಸಂಬಂಧಿಸಿದ, ಸಾಮಾನ್ಯವಾಗಿ ಅಪರೂಪವಾದ ಬಗೆ ಕಂಡಿತು. ಅಪರೂಪದ್ದು ಒಂದೇ ಕಡೆ ಗುಂಪಾಗಿ ಏಕೆ ಬಂತು? ಕೇಳುತ್ತ ಹೋದಾಗ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದರು. ಕ್ರೀಮುಗಳಲ್ಲಿ ಪಾದರಸವಿತ್ತು. ಒಬ್ಬರಿಗೆ ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿತು. ಕ್ರೀಮು ನಿಲ್ಲಿಸಿದ ಮೇಲೆ ಹೆಚ್ಚಿನವರು ಗುಣವಾದರು. ಕಿಡ್ನಿ ಇಂಟರ್‌ನ್ಯಾಷನಲ್ ಪತ್ರಿಕೆಯಲ್ಲಿ ಇದು ವರದಿಯಾಯಿತು. ಇದೇ ಬಗೆಯ ಕಾಯಿಲೆಯನ್ನು ವೆಲ್ಲೂರಿನ ಸಿಎಂಸಿ ವೈದ್ಯರು ಪಾದರಸವಿದ್ದ ನಾಟಿ ಔಷಧಿಗಳ ಜತೆಗೂ ಗುರುತಿಸಿದ್ದರು. ದಾರಿ ಬಾಯಿಯಾದರೂ ಚರ್ಮವಾದರೂ ಮೂತ್ರಪಿಂಡಕ್ಕೆ ಒಂದೇ.

ಪಾದರಸ ಮುಖವನ್ನು ಬಿಳಿಚಿಸುವುದು ಸುಳ್ಳಲ್ಲ, ಅದೇ ಅಪಾಯ. ಚರ್ಮದ ಕಪ್ಪುವರ್ಣಕ ಮೆಲನಿನ್ ತಯಾರಿಸುವ ಟೈರೋಸಿನೇಸ್ ಕಿಣ್ವಕ್ಕೆ ತಾಮ್ರ ಬೇಕು. ಪಾದರಸ ಆ ತಾಮ್ರದ ಜಾಗ ಕಿತ್ತುಕೊಂಡು ಕಿಣ್ವವನ್ನು ಮಲಗಿಸುತ್ತದೆ. ಕ್ರೀಮು ಬಿಟ್ಟರೆ ಬಣ್ಣ ಮರಳುತ್ತದೆ, ಆದ್ದರಿಂದ ಬಿಡಲು ಮನಸ್ಸು ಬರುವುದಿಲ್ಲ. ಭಾರತದ 2020ರ ಪ್ರಸಾಧನ ನಿಯಮಗಳ ಪ್ರಕಾರ ಮುಖದ ಕ್ರೀಮಿನಲ್ಲಿ ಅರಿಯದೆ ಸೇರಿದ ಪಾದರಸವೂ ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ದಾಟಬಾರದು. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ಶುರುಮಾಡಿದ ಆಪರೇಷನ್ ಸೌಂದರ್ಯದ ಮೂರನೇ ಸುತ್ತಿನಲ್ಲಿ, 2025ರ ಆರಂಭದಲ್ಲಿ, ಕೆಲವು ಲಿಪ್‌ಸ್ಟಿಕ್ ಮತ್ತು ಕ್ರೀಮಿನ ಮಾದರಿಗಳಲ್ಲಿ ಮಿತಿಯ 12,000 ಪಟ್ಟು ಪಾದರಸ ಸಿಕ್ಕಿತು. ಲೆಕ್ಕ ಹಾಕಿದರೆ ಶೇಕಡಾ ಒಂದಕ್ಕೂ ಮಿಗಿಲು. ಅಷ್ಟು ಪಾದರಸ ಕೈತಪ್ಪಿ ಬೀಳುವುದಿಲ್ಲ.

ಇಲ್ಲೊಂದು ಪ್ರಶ್ನೆ ಏಳಬೇಕು. ತೆಯ್ಯಂನ ಮುಖಬರಹದಲ್ಲಿ, ಯಕ್ಷಗಾನದ ಹಳೆಯ ಬಣ್ಣಗಾರಿಕೆಯಲ್ಲಿ ಬಳಸಿದ ಕೆಂಪು ಇಂಗಳೀಕವೂ ಪಾದರಸದ್ದೇ ತಾನೆ? ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಎಷ್ಟೋ ತಲೆಮಾರು ಅದನ್ನು ಮುಖಕ್ಕೆ ಹಚ್ಚಿವೆ. ಇಂಗಳೀಕ ಎಂದರೆ ಮರ್ಕ್ಯುರಿಕ್ ಸಲ್ಫೈಡ್. ಗಂಧಕ ಪಾದರಸವನ್ನು ಎಷ್ಟು ಬಿಗಿಯಾಗಿ ಹಿಡಿದಿರುತ್ತದೆಂದರೆ ನೀರಿನಲ್ಲಾಗಲಿ ಬೆವರಿನಲ್ಲಾಗಲಿ ಅದು ಕರಗುವುದೇ ಇಲ್ಲವೆನ್ನಬಹುದು, ಚರ್ಮ ದಾಟುವುದು ಅತ್ಯಲ್ಪ. ಜತೆಗೆ ಬೆಳಗಾದರೆ ತೆಂಗಿನೆಣ್ಣೆ ಹಾಕಿ ಉಜ್ಜಿ ತೆಗೆಯುತ್ತಾರೆ. ಕ್ರೀಮಿನಲ್ಲಿರುವುದು ಕ್ಯಾಲೊಮೆಲ್, ಅಮೋನಿಯೇಟೆಡ್ ಮರ್ಕ್ಯುರಿ ಮೊದಲಾದ ಲವಣಗಳು. ಎಣ್ಣೆಜಿಡ್ಡಿನೊಡನೆ ರಾತ್ರಿಯಿಡೀ, ತಿಂಗಳುಗಟ್ಟಲೆ ಮುಖದಲ್ಲಿ ಕೂತಿರುವಂಥವು. ತಲೆದಿಂಬಿಗೆ, ಬೈರಾಸಿಗೆ, ಮಗುವಿನ ಕೆನ್ನೆಗೂ ಹತ್ತುವಂಥವು. ಧಾತು ಒಂದೇ, ಸಂಯುಕ್ತ ಬೇರೆ. ಇಂಗಳೀಕ ಪೂರ್ತಿ ನಿರಪಾಯವೆಂದು ಇದರ ಅರ್ಥವಲ್ಲ. ಜತೆಗಿದ್ದ ಹಳದಿ ಅರದಾಳವಂತೂ ಆರ್ಸೆನಿಕ್‌ನ ಸಲ್ಫೈಡು.

ಕ್ರೀಮಿನ ಡಬ್ಬಿಯಲ್ಲಿ ತಯಾರಕರ ವಿಳಾಸ, ಲೈಸೆನ್ಸ್ ಅಥವಾ ಆಮದು ನೋಂದಣಿ ಸಂಖ್ಯೆ, ಘಟಕಗಳ ಪಟ್ಟಿ ಇಲ್ಲದಿದ್ದರೆ ಹಚ್ಚಿ ನೋಡುವ ಪ್ರಶ್ನೆಯೇ ಬರುವುದಿಲ್ಲ. ಪಾದರಸಕ್ಕೆ ಮನೆಯಲ್ಲಿ ಮಾಡುವ ಪರೀಕ್ಷೆಯಿಲ್ಲ, ವಾಸನೆಯಿಲ್ಲ, ಉರಿಯಿಲ್ಲ. ಎರಡು ವಾರದಲ್ಲಿ ಎದ್ದುಕಾಣುವ ಬಿಳುಪು ಬಂತೆಂದರೆ ಅದೇ ಅನುಮಾನಕ್ಕೆ ಕಾರಣ, ಏಕೆಂದರೆ ನೆಟ್ಟಗೆ ತಯಾರಾದ ವಸ್ತುಗಳಿಗೆ ಆ ವೇಗ ಇರುವುದಿಲ್ಲ.

ಮನೆಮದ್ದುಗಳಲ್ಲಿ ನಿಂಬೆಹುಳಿಯನ್ನು ಮುಖಕ್ಕೆ ಹಚ್ಚುವ ಉಪದೇಶ ಎಲ್ಲೆಡೆ ಕೇಳುತ್ತದೆ. ನಿಂಬೆಯ ಸಿಪ್ಪೆಯಲ್ಲಿರುವ ಸೊರಾಲೆನ್‌ಗಳು ಬಿಸಿಲಿನ ಅತಿನೇರಳೆ ಕಿರಣ ತಾಗಿದಾಗ ಚರ್ಮವನ್ನು ಸುಡುತ್ತವೆ, ಗಾಯ ಮಾಗಿದ ಮೇಲೆ ಕಂದು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಬಿಳುಪಿಗೆ ಹಚ್ಚಿದ್ದು ಕಪ್ಪು ಮಾಡಿ ಹೋಗುತ್ತದೆ.

ತೆಂಗಿನೆಣ್ಣೆಯ ಮಾತು ಬೇರೆ. ಕಾಸರಗೋಡಿನ ಕೂಡ್ಲಿನಲ್ಲಿರುವ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಹುಟ್ಟಿದ್ದು, ವರ್ಜಿನ್ ತೆಂಗಿನೆಣ್ಣೆ ತೆಗೆಯುವ ವಿಧಾನಗಳ ಮೇಲೂ ಅಲ್ಲಿ ಕೆಲಸವಾಗಿದೆ. ಈ ಎಣ್ಣೆಯ ಮೇದಾಮ್ಲಗಳಲ್ಲಿ ಹತ್ತಿರ ಹತ್ತಿರ ಅರ್ಧ ಲಾರಿಕ್ ಆಮ್ಲ. 2004ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಒಣಚರ್ಮದ 34 ಮಂದಿಯ ಮೇಲೆ ನಡೆದ ಸಣ್ಣ ಪ್ರಯೋಗದಲ್ಲಿ ಅದು ಖನಿಜ ತೈಲದಷ್ಟೇ ಚೆನ್ನಾಗಿ ತೇವ ಉಳಿಸಿತು. ಅಸಿಟೋನ್‌ನಿಂದ ಒಣಗಿ ಸಿಬರೆದ್ದ ಉಗುರಿಗೂ, ಅದರ ಸುತ್ತಲಿನ ಚರ್ಮಕ್ಕೂ ರಾತ್ರಿ ಒಂದು ತೊಟ್ಟು ಸಾಕು. ಮೊಡವೆಯ ಮುಖಕ್ಕೆ ಮಾತ್ರ ಬೇಡ, ಅದು ರಂಧ್ರಗಳನ್ನು ಮುಚ್ಚುತ್ತದೆ.

ಮುಖಕ್ಕೆ, ಮೈಗೆ ಹಚ್ಚಿ ಬಿಡುವ ಹೊಸ ಕ್ರೀಮು, ಸೀರಮ್ ನೋಡಬೇಕೆಂದಿದ್ದರೆ ಮೊಣಕೈಯ ಒಳಮಡಿಕೆಯಲ್ಲಿ ಹಳೆಯ ನಾಲ್ಕಾಣೆಯಷ್ಟು ಜಾಗಕ್ಕೆ ದಿನಕ್ಕೆರಡು ಸಲ, ಒಂದರಿಂದ ಎರಡು ವಾರ ಹಚ್ಚಬೇಕು. ಒಂದು ಹೊತ್ತಿಗೆ ಒಂದೇ ವಸ್ತು. ಚರ್ಮವೈದ್ಯರೂ ಇಂಥದೇ ವಿಧಾನ ಬಳಸುತ್ತಾರೆ, ಟಿ ಕೋಶಗಳಿಗೆ ಬೇಕಾದ ಸಮಯ ಅದರಲ್ಲಿ ಸಿಗುತ್ತದೆ. ಜೆಲ್ ಪಾಲಿಶ್‌ಗೆ, ಕಪ್ಪು ಕೋನ್‌ಗೆ ಈ ವಿಧಾನ ಸಲ್ಲದು. ಹೆಣೆಯದ ಅಕ್ರಿಲೇಟನ್ನಾಗಲಿ ಪಿಪಿಡಿಯನ್ನಾಗಲಿ ದಿನಾ ಮೊಣಕೈಗೆ ಹಚ್ಚಿ ನೋಡಿದರೆ, ಇಲ್ಲದ ಅಲರ್ಜಿಯನ್ನು ಆ ಪರೀಕ್ಷೆಯೇ ಹುಟ್ಟಿಸಬಹುದು.